ಆಮ್ಲಜನಕ ಇಲ್ಲ ಅಂದ ಮಾತ್ರಕ್ಕೆ ಜೀವ ಇಲ್ಲ ಅಂತಲ್ಲ

ನಮಸ್ಕಾರ. ದೂರದ ಗ್ರಹವೊಂದರ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಆಮ್ಲಜನಕ ಇದೆಯಾ? ನನ್ನ ತಕರಾರು ಇರುವುದೇ ಈ ಪ್ರಶ್ನೆಯ ಮೇಲೆ. ನಮ್ಮ ಭೂಮಿಯನ್ನೇ ಈ ಪರೀಕ್ಷೆಗೆ ಕೂರಿಸಿದ್ದರೆ, ಅದು ತನ್ನ ಆಯುಸ್ಸಿನ ಹೆಚ್ಚುಕಡಿಮೆ ಅರ್ಧ ಕಾಲ ಫೇಲ್ ಆಗುತ್ತಿತ್ತು.

ಲೆಕ್ಕ ನೋಡಿ. ಭೂಮಿ ಹುಟ್ಟಿ ಸುಮಾರು 450 ಕೋಟಿ ವರ್ಷ ಆಯಿತು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಬಂಡೆಗಳಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳು ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 350 ಕೋಟಿ ವರ್ಷ. ಆದರೆ ಗಾಳಿಯಲ್ಲಿ ಆಮ್ಲಜನಕ ಏರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದರೆ ನಡುವೆ ನೂರು ಕೋಟಿ ವರ್ಷಕ್ಕೂ ಜಾಸ್ತಿ ಕಾಲ ನೀರಿನಲ್ಲಿ ಜೀವ ಇತ್ತು, ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಏರಿದ ಮೇಲೂ ಇವತ್ತಿನ ಮಟ್ಟಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಹಾಗಾದರೆ ಆ ಗಾಳಿಯಲ್ಲಿ ಜೀವದ ಗುರುತೇ ಇರಲಿಲ್ವಾ? ಇತ್ತು. ಮೀಥೇನ್.

ಆಗಿನ ಕೆಲವು ಸೂಕ್ಷ್ಮಜೀವಿಗಳು ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಬದುಕುತ್ತಿದ್ದವು, ಮೀಥೇನ್ ಹೊರಗೆ ಬಿಡುತ್ತಿದ್ದವು. ಅದೇ ಬಗೆಯ ಜೀವಿಗಳು ಇಂದಿಗೂ ಜೌಗು ನೆಲದ ಕೆಸರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಇವೆ. ಮೀಥೇನ್ ಗಾಳಿಯಲ್ಲಿ ಸುಮ್ನೆ ಉಳಿಯುವ ಅನಿಲ ಅಲ್ಲ. ಬಿಸಿಲಿನಿಂದ ನಡೆಯುವ ರಾಸಾಯನಿಕ ಕ್ರಿಯೆಗಳು ಅದನ್ನು ಒಡೆದು ಹಾಕುತ್ತವೆ. ಈಗಿನ ಭೂಮಿಯಲ್ಲಿ ಅದರ ಆಯುಸ್ಸು ಸುಮಾರು ಹತ್ತು ವರ್ಷ ಅಷ್ಟೇ. ಆದ್ದರಿಂದ ಗಾಳಿಯಲ್ಲಿ ಮೀಥೇನ್ ತುಂಬಾ ಇದೆ ಅಂದರೆ, ಯಾವುದೋ ಮೂಲದಿಂದ ಅದು ಬಿಡದೆ ಬರುತ್ತಿದೆ ಅಂತಲೇ ಅರ್ಥ.

ಜ್ವಾಲಾಮುಖಿಯಿಂದಲೂ ಬರಬಹುದಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2018ರಲ್ಲಿ ಗ್ರಹ ವಿಜ್ಞಾನಿ ಜೋಶುವಾ ಕ್ರಿಸಾನ್ಸನ್-ಟಾಟನ್ ಮತ್ತು ಜೊತೆಗಾರರು ಇದನ್ನೇ ಪರಿಶೀಲಿಸಿದರು. ಮೀಥೇನ್‌ನಲ್ಲಿ ಇಂಗಾಲಕ್ಕೆ ಅಂಟಿಕೊಂಡಿರುವುದು ಬರೀ ಜಲಜನಕ. ಇಂಗಾಲದ ಡೈಆಕ್ಸೈಡ್‌ನಲ್ಲಿ ಬರೀ ಆಮ್ಲಜನಕ. ಇವೆರಡರ ನಡುವೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಜೀವ ಇಲ್ಲದೆ ಬರೀ ಜ್ವಾಲಾಮುಖಿಯೇ ಅಷ್ಟೊಂದು ಮೀಥೇನ್ ಉಗುಳಬೇಕಾದರೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಧಾರಾಳವಾಗಿ ಬರಬೇಕು. ಸೂಕ್ಷ್ಮಜೀವಿಗಳಿಗಾದರೋ ಅದು ಒಳ್ಳೆಯ ಆಹಾರ, ಸಿಕ್ಕರೆ ಬಿಡುವುದಿಲ್ಲ. ಹಾಗಾಗಿ ನೀರು ಇರಬಹುದಾದ ಕಲ್ಲು ಗ್ರಹದಲ್ಲಿ ಮೀಥೇನ್ ಜಾಸ್ತಿ, ಇಂಗಾಲದ ಡೈಆಕ್ಸೈಡ್ ಕೂಡ ಇದೆ, ಮೊನಾಕ್ಸೈಡ್ ಮಾತ್ರ ಕಾಣುತ್ತಿಲ್ಲ ಅಂದರೆ, ಅಲ್ಲಿ ಜೀವ ಇರಬಹುದು ಅಂತ ಗಂಭೀರವಾಗಿ ಯೋಚಿಸಬೇಕು. ನನಗೆ ಈ ವಾದ ಬಹಳ ಇಷ್ಟ. ಇದ್ದ ಅನಿಲದಷ್ಟೇ ಇಲ್ಲದ ಅನಿಲವೂ ಇಲ್ಲಿ ಸಾಕ್ಷಿ ಹೇಳುತ್ತದೆ.

'ಕಲ್ಲು ಗ್ರಹ' ಅಂತ ಒತ್ತಿ ಹೇಳಲು ಕಾರಣ ಇದೆ. ಕೆ2-18ಬಿ ನೆನಪಿದೆಯಲ್ವಾ? 124 ಜ್ಯೋತಿರ್ವರ್ಷ ದೂರದ ಗ್ರಹ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಎರಡನ್ನೂ ಕಂಡಿತು. ಆದರೆ ಆ ಗ್ರಹ ಭೂಮಿಗಿಂತ ಎಂಟು ಪಟ್ಟಿಗೂ ಹೆಚ್ಚು ತೂಕದ್ದು, ಅದರ ಗಾಳಿಯಲ್ಲಿ ಜಲಜನಕವೇ ಜಾಸ್ತಿ ಅಂತ ಅಂದಾಜು. ಅಂಥ ಗಾಳಿಯಲ್ಲಿ ಮೀಥೇನ್ ತಾನಾಗಿಯೇ ಆಗಬಲ್ಲದು. ಶನಿಯ ಚಂದ್ರ ಟೈಟನ್‌ನಲ್ಲೂ ಮೀಥೇನ್ ತುಂಬಿಕೊಂಡಿದೆ, ಜೀವದ ಸುಳಿವು ಸಿಕ್ಕಿಲ್ಲ. ಒಂದೇ ಅನಿಲದ ಹೆಸರು ಹಿಡಿದು 'ಜೀವ ಪತ್ತೆ' ಅಂತ ತಲೆಬರಹ ಕೊಡುವುದು ಓದುಗರಿಗೆ ಮಾಡುವ ಅನ್ಯಾಯ. ಆಮ್ಲಜನಕಕ್ಕೂ ಇದೇ ಮಾತು ಸಲ್ಲುತ್ತದೆ. ಸಣ್ಣ ಕೆಂಪು ನಕ್ಷತ್ರಗಳ ಸುತ್ತಲಿನ ಗ್ರಹದಲ್ಲಿ ನೀರಾವಿ ಒಡೆದು, ಜಲಜನಕ ಆಕಾಶಕ್ಕೆ ಹಾರಿಹೋಗಿ, ಆಮ್ಲಜನಕ ಹಿಂದೆ ಉಳಿಯಬಹುದು. ಒಂದು ಜೀವಿಯೂ ಬೇಕಿಲ್ಲ.

ಈಗ ನನ್ನ ನಿಜವಾದ ಕಾಳಜಿಗೆ ಬರುತ್ತೇನೆ. ಸೂರ್ಯನಂಥ ನಕ್ಷತ್ರಗಳ ಸುತ್ತ ಭೂಮಿಯಂಥ ಗ್ರಹಗಳನ್ನು ನೇರವಾಗಿ ನೋಡಲು ನಾಸಾ ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ ಅನ್ನುವ ದೂರದರ್ಶಕದ ಯೋಜನೆ ಹಾಕಿಕೊಂಡಿದೆ. ಅದು ಮೇಲೇರುವುದು 2040ರ ದಶಕದಲ್ಲಿ. ಸುಮಾರು 25 ಗ್ರಹಗಳನ್ನಾದರೂ ಪರೀಕ್ಷಿಸಬೇಕು ಅನ್ನುವುದು ಗುರಿ. ಪ್ರತಿ ಅನಿಲವೂ ಬೆಳಕಿನ ಕೆಲವು ತರಂಗಾಂತರಗಳನ್ನು ಹೀರಿ ತನ್ನ ಗುರುತು ಬಿಡುತ್ತದೆ, ಈ ತರಂಗಾಂತರವನ್ನು ಮೈಕ್ರಾನ್‌ನಲ್ಲಿ (ಮೀಟರಿನ ಹತ್ತು ಲಕ್ಷದ ಒಂದು ಭಾಗ) ಅಳೆಯುತ್ತಾರೆ. ಆಮ್ಲಜನಕದ ಒಳ್ಳೆಯ ಗುರುತು 0.76 ಮೈಕ್ರಾನ್ ಹತ್ತಿರ ಸಿಗುತ್ತದೆ, ಬೆಳಕಿನ ಕೆಂಪು ಅಂಚಿನಲ್ಲಿ. ಇಂಗಾಲದ ಡೈಆಕ್ಸೈಡ್ ಬೇಕಾದರೆ ಕಣ್ಣಿಗೆ ಕಾಣದ ಅವಕೆಂಪಿನಲ್ಲಿ 1.6 ಮೈಕ್ರಾನ್‌ವರೆಗೆ ಹೋಗಬೇಕು, ಮೊನಾಕ್ಸೈಡ್‌ಗೆ 2.3ರ ಆಸುಪಾಸು. ಅವಕೆಂಪಿನಲ್ಲಿ ಅಷ್ಟು ಮುಂದೆ ಹೋದಂತೆ ದೂರದರ್ಶಕದ ಸ್ವಂತ ಬಿಸಿಯೇ ಅಡ್ಡ ಬರುತ್ತದೆ, ಅದನ್ನು ತಣ್ಣಗಿಡಲು ಖರ್ಚು ಏರುತ್ತದೆ. ಖರ್ಚು ಉಳಿಸಲು ಈ ಭಾಗಕ್ಕೆ ಕತ್ತರಿ ಹಾಕುವ ಆಸೆ ಯಾರಿಗಾದರೂ ಬರಬಹುದು.

ದಯವಿಟ್ಟು ಹಾಕಬೇಡಿ. ದೂರದರ್ಶಕದ ಕನ್ನಡಿ ಇನ್ನೂ ಕಾಗದದ ಮೇಲಿರುವಾಗಲೇ ಇದು ತೀರ್ಮಾನ ಆಗಬೇಕು. ಆ 25ರಲ್ಲಿ ಒಂದು ಗ್ರಹ ನಮ್ಮ ಭೂಮಿ 300 ಕೋಟಿ ವರ್ಷಗಳ ಹಿಂದೆ ಇದ್ದ ಹಾಗೇ ಇದ್ದರೆ, ಆಮ್ಲಜನಕ ಮಾತ್ರ ಹುಡುಕುವ ಉಪಕರಣ ಅದರ ಮುಂದೆ 'ಏನೂ ಇಲ್ಲ' ಅಂತ ಬರೆದು ಮುಂದಿನ ನಕ್ಷತ್ರಕ್ಕೆ ಹೋಗಿಬಿಡುತ್ತದೆ.