ಇರುವೆ ಕದ್ದ ಆಫ್ರಿಕಾದ ಬೀಜ | ಚಿಕ್ಕಬಳ್ಳಾಪುರದ ಮಹಡಿಯಲ್ಲಿ ಪಿನ್‌ಕುಷನ್

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ, ನಮ್ಮ ಮಹಡಿ, ಬೆಳಗಿನ ಚಳಿ. ಹಿಂದೆ ಕಾಣುತ್ತಿರುವುದು ನಂದಿ ಬೆಟ್ಟದ ಸಾಲು. ಕೈಯಲ್ಲಿರುವ ಬೀಜ ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯದು. ಪಿನ್‌ಕುಷನ್ ಅಂತ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಲ್ಯೂಕೋಸ್ಪರ್ಮಮ್ ಕಾರ್ಡಿಫೋಲಿಯಮ್, ಪ್ರೋಟಿಯಾ ಕುಟುಂಬ. ಹೂವಿನ ಫೋಟೋ ಪಕ್ಕದಲ್ಲಿ ಹಾಕಿದ್ದೇನೆ. ಆ ಕಿತ್ತಳೆ ಬಣ್ಣ ನೋಡಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಬೆಲೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಲ್ಲರೂ ಅದನ್ನೇ ಕೇಳುತ್ತೀರಿ. ಹತ್ತು ಬೀಜಕ್ಕೆ 650 ರೂಪಾಯಿ. ಒಂದಕ್ಕೆ 65! ಸೇವಂತಿಗೆ ಬೆಲೆ ಬಿದ್ದ ದಿನ ನಮ್ಮ ಮಾರುಕಟ್ಟೆಯಲ್ಲಿ ಆ ದುಡ್ಡಿಗೆ ಚೀಲ ತುಂಬ ಹೂವು ಸಿಗುತ್ತದೆ, ರೈತ ಅಳುತ್ತಾ ಕೊಡುತ್ತಾನೆ. ಹಾಗಂತ ಬೀಜದ ಬೆಲೆ ಅನ್ಯಾಯ ಅನ್ನುವುದಿಲ್ಲ. ಇದು ಕಾಗದಪತ್ರದ ಸಮೇತ ಬಂದ ಬೀಜ. ವಿದೇಶದಲ್ಲಿರುವ ಅಣ್ಣನಿಗೋ ಭಾವನಿಗೋ ಹೇಳಿ ಕವರಿನಲ್ಲಿ ಬೀಜ ತರಿಸಿಕೊಳ್ಳಬೇಡಿ, ದಯವಿಟ್ಟು. ನಮ್ಮ ದೇಶದಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಬೀಜ ತರಿಸಲು ಪರ್ಮಿಟ್ ಬೇಕು, ಆ ದೇಶದವರು ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸುತ್ತಲೂ ದ್ರಾಕ್ಷಿ, ಗುಲಾಬಿ, ಹಿಪ್ಪುನೇರಳೆ ತೋಟ ಇಟ್ಟುಕೊಂಡು ಹೊರಗಿನ ರೋಗ ಒಳಗೆ ಬಿಟ್ಟುಕೊಳ್ಳುವುದು ತಮಾಷೆ ಅಲ್ಲ.

ಬೀಜ ಸರಿ, ಆದರೆ ಮಾರಿದವರು ಪ್ಯಾಕೆಟ್ ಮೇಲೆ ಏನು ಅಚ್ಚು ಹಾಕಿದ್ದಾರೆ ನೋಡಿ. ‘ಮಾರ್ಚ್-ಏಪ್ರಿಲ್‌ನಲ್ಲಿ ಬಿತ್ತಿ.’ ಅದು ಕೇಪ್‌ಟೌನ್‌ನವರಿಗೆ! ಅಲ್ಲಿ ಮಾರ್ಚ್ ಅಂದರೆ ಬೇಸಿಗೆ ಮುಗಿದು ಚಳಿ ಶುರುವಾಗುವ ಕಾಲ, ಅವರ ಮಳೆ ಬರುವುದೂ ಚಳಿಗಾಲದಲ್ಲೇ. ನಮ್ಮಲ್ಲಿ ಮಾರ್ಚ್-ಏಪ್ರಿಲ್‌ಗೆ ಮಹಡಿ ಮೇಲೆ ಬರಿಗಾಲಿಡೋಕೆ ಆಗುತ್ತದಾ? ಅಲ್ಲಿನ ಚೀಟಿಯನ್ನು ಹಾಗೇ ನಕಲು ಮಾಡಿ ಇಲ್ಲಿ ಮಾರುತ್ತಾರೆ. ಜನ ಬಿತ್ತುತ್ತಾರೆ, ಮೊಳೆಯುವುದಿಲ್ಲ, ‘ಕಷ್ಟದ ಬೀಜ’ ಅಂತ ಹೆಸರು ಕೆಡುತ್ತದೆ. ಈ ಬೀಜಕ್ಕೆ ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಇರಬೇಕು. ಹಗಲು ಇಪ್ಪತ್ತರ ಮೇಲೆ ಸ್ವಲ್ಪ, ರಾತ್ರಿ ಹತ್ತು ಡಿಗ್ರಿಯ ಆಸುಪಾಸು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಹತ್ತಿರ ಬರುವುದು ಡಿಸೆಂಬರ್-ಜನವರಿ ಮಾತ್ರ. ಅದಕ್ಕೇ ಈಗ.

ನೆನೆಸುವುದು ಕಾಣುತ್ತಿದೆ ಅಲ್ವಾ. ಅದು ಬರೀ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನಲ್ಲಿ ಸಿಗುವುದು 6 ಪರ್ಸೆಂಟಿನದು, ಲೇಬಲ್ ನೋಡಿಕೊಳ್ಳಿ. ಒಂದು ಭಾಗಕ್ಕೆ ಐದು ಭಾಗ ನೀರು ಸೇರಿಸಿದರೆ 1 ಪರ್ಸೆಂಟ್ ಆಗುತ್ತದೆ. ಅದರಲ್ಲಿ 24 ಗಂಟೆ. ಈ ಬೀಜದ ಕೊರತೆ ನೀರಲ್ಲ, ಆಮ್ಲಜನಕ. ಗಟ್ಟಿ ಸಿಪ್ಪೆ ಗಾಳಿಯನ್ನು ಒಳಗೆ ಬಿಡುವುದಿಲ್ಲ, ಪೆರಾಕ್ಸೈಡ್ ಅದನ್ನು ಒಳಗೇ ಕೊಡುತ್ತದೆ. ನೆನೆದ ಮೇಲೆ ಮೇಲಿನ ಪೊರೆ ಲೋಳೆ ಲೋಳೆ ಆಗುತ್ತದೆ, ಬಟ್ಟೆಯಲ್ಲಿ ಉಜ್ಜಿದರೆ ಬಂದುಬಿಡುತ್ತದೆ.

ಈಗ ಬಂತು ನೋಡಿ. ಅರ್ಧ ಬೀಜ ಮಾತ್ರ ನೆನೆಸಿದ್ದೆ. ಉಳಿದರ್ಧವನ್ನು ಏನೂ ಮಾಡದೆ ಹಾಗೇ ಬಿತ್ತಿ, ಯಾವುದು ಮೊದಲು ಬರುತ್ತದೆ ನೋಡೋಣ ಅಂತ ತಟ್ಟೆಯಲ್ಲಿ ಇಟ್ಟಿದ್ದೆ. ಅಷ್ಟರಲ್ಲಿ ಕೆಳಗೆ ಗ್ಯಾಸ್ ಸಿಲಿಂಡರ್ ಬಂತು. ಟ್ರೈಪಾಡ್ ಮೇಲೆ ಕ್ಯಾಮೆರಾ ಓಡುತ್ತಲೇ ಇತ್ತು, ಪುಣ್ಯ. ಇದನ್ನು ನಿಧಾನ ಮಾಡಿ ತೋರಿಸುತ್ತೇನೆ.

ಮೊದಲು ಒಂದು ಗೊದ್ದ ಬರುತ್ತದೆ. ಬೀಜದ ಸುತ್ತ ಒಂದು ಸುತ್ತು, ಮೀಸೆಯಲ್ಲಿ ಮುಟ್ಟಿ ನೋಡಿ ವಾಪಸ್. ಆಮೇಲೆ ಮೂರು-ನಾಲ್ಕು ಬಂದವು. ಬೀಜ ಅವುಗಳಿಗಿಂತ ದಪ್ಪ. ಒಂದು ಹಿಂದಕ್ಕೆ ನಡೆಯುತ್ತಾ ಎಳೆಯುತ್ತಿದೆ, ಇನ್ನೊಂದು ಪಕ್ಕದಿಂದ ಎತ್ತುತ್ತಿದೆ. ತಟ್ಟೆಯ ಅಂಚಿಗೆ ಬಂದು ಬೀಜ ದೊಪ್ಪನೆ ಬಿತ್ತು. ಬಿಡಲಿಲ್ಲ, ಇಳಿದು ಬಂದು ಮತ್ತೆ ಹಿಡಿದವು. ನೀರಿನ ಟ್ಯಾಂಕ್ ಬುಡದಲ್ಲಿ ಬಿರುಕು ಇದೆ, ಸೀದಾ ಅಲ್ಲಿಗೆ. ಎರಡು ಬೀಜ ಹೋಯಿತು. 130 ರೂಪಾಯಿ ನನ್ನ ಕಣ್ಣೆದುರೇ ಬಿರುಕಿನೊಳಗೆ! ಸಿಟ್ಟಿಗೆ ಇರುವೆ ಪುಡಿ ತರೋಣ ಅಂದುಕೊಂಡೆ. ವಿಡಿಯೋ ಮತ್ತೆ ನೋಡಿದ ಮೇಲೆ ಮನಸ್ಸು ಬದಲಾಯಿತು.

ಏಕೆಂದರೆ ಈ ಗಿಡ ಬೀಜ ಮಾಡುವುದೇ ಇರುವೆಗೋಸ್ಕರ. ಮೇಲಿನ ಆ ಬಿಳಿ ಪೊರೆ ಇರುವೆಗೆ ತಿಂಡಿ. ಕೇಪ್ ಸೀಮೆಯಲ್ಲಿ ಬೀಜ ನೆಲಕ್ಕೆ ಬಿದ್ದ ಕೂಡಲೇ ಇರುವೆ ಗೂಡಿಗೆ ಹೊತ್ತುಕೊಂಡು ಹೋಗುತ್ತದೆ, ಪೊರೆ ತಿಂದು ಬೀಜವನ್ನು ಮಣ್ಣಿನೊಳಗೆ ಬಿಡುತ್ತದೆ. ಇಲಿಗೂ ಸಿಗುವುದಿಲ್ಲ, ಬೆಂಕಿಗೂ ಸಿಗುವುದಿಲ್ಲ. ಅಲ್ಲಿ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಕಾಡಿಗೆ ಬೆಂಕಿ ಬೀಳುತ್ತದೆ. ಮೇಲಿನ ಪೊದೆ ಸುಟ್ಟು ನೆಲ ಬಯಲಾದಾಗ ಮಣ್ಣು ಹಗಲು ಕಾಯುತ್ತದೆ, ರಾತ್ರಿ ಆರುತ್ತದೆ. ಸಿಪ್ಪೆ ಒಣಗಿ ಸೀಳು ಬಿಡುತ್ತದೆ, ಗಾಳಿ ಒಳಗೆ ಹೋಗುತ್ತದೆ. ಆಗ ಬೀಜಕ್ಕೆ ಗೊತ್ತಾಗುತ್ತದೆ, ಈಗ ಮೇಲೆ ಜಾಗ ಇದೆ ಅಂತ. ನಾನು ಬಟ್ಟಲಿನಲ್ಲಿ ಪೆರಾಕ್ಸೈಡ್ ಇಟ್ಟು ಮಾಡುತ್ತಿರುವುದು ಆ ಬೆಂಕಿಯ ಕೆಲಸ.

ಇನ್ನೊಂದು ನೋಡಿ, ಇದೇ ತಟ್ಟೆಯ ಈ ಮೂಲೆ. ಇವು ಸಣ್ಣ ಕೆಂಪಿರುವೆ. ಇವು ಬೀಜ ಎತ್ತುವುದೇ ಇಲ್ಲ. ಕೂತಲ್ಲೇ ಪೊರೆ ಕೆರೆದು ತಿಂದು ಹೋದವು. ಕೇಪ್‌ನಲ್ಲಿ ನಡೆದದ್ದೂ ಇದೇ. ದಕ್ಷಿಣ ಅಮೆರಿಕದಿಂದ ಅರ್ಜೆಂಟೀನಾ ಇರುವೆ ಅಲ್ಲಿಗೆ ಬಂದು ಊರಿನ ಇರುವೆಗಳನ್ನು ಓಡಿಸಿತು. ಅದು ಬೀಜ ಹೂಳುವುದಿಲ್ಲ, ಪೊರೆ ತಿಂದು ಅಲ್ಲೇ ಬಿಡುತ್ತದೆ. ಹೊರಗೆ ಬಿದ್ದ ಬೀಜ ಇಲಿ ಪಾಲು. ಆ ಇರುವೆ ಬಂದ ಜಾಗದಲ್ಲಿ, ಬೆಂಕಿಯಾದ ಮೇಲೆ ಇದೇ ಪ್ರೋಟಿಯಾ ಕುಟುಂಬದ ಮಿಮಿಟಿಸ್ ಅನ್ನುವ ಗಿಡದ ಸಸಿಗಳು ತೀರಾ ಕಡಿಮೆ ಹುಟ್ಟಿದವು ಅಂತ 1984ರಲ್ಲೇ ಬಾಂಡ್ ಮತ್ತು ಸ್ಲಿಂಗ್ಸ್‌ಬಿ ಅನ್ನುವ ಇಬ್ಬರು ಸಂಶೋಧಕರು ಬರೆದಿದ್ದಾರೆ. ಒಂದು ಇರುವೆ ಬದಲಾದರೆ ಒಂದು ಹೂವಿನ ಗತಿಯೇ ಬದಲಾಗುತ್ತದೆ. ಅದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಇರುವೆ ಪುಡಿ ತರಲಿಲ್ಲ. ಟ್ರೇ ಇಟ್ಟ ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದೆ, ಅಮ್ಮ ಬೆಲ್ಲದ ಡಬ್ಬಿಗೆ ಮಾಡುವುದು ಇದನ್ನೇ.

ಬಿರುಕಿಗೂ ದಿನಾ ಒಂದು ಲೋಟ ನೀರು ಹಾಕಿದೆ. ಅಲ್ಲಿಂದ ಏನೂ ಬರಲಿಲ್ಲ.

ಶಾಟ್ ಬದಲಾಯಿತು, ಬೇಗ ಬರುತ್ತೇನೆ. ಮಣ್ಣು. ಎಂ-ಸ್ಯಾಂಡ್ ಜರಡಿ ಹಿಡಿದು, ಧೂಳು ಹೋಗುವವರೆಗೆ ತೊಳೆದದ್ದು. ಜೊತೆಗೆ ತೊಳೆದ ಕೊಕೊಪೀಟ್. ಅಷ್ಟೇ. ಗೊಬ್ಬರ ಇಲ್ಲ! ಪಕ್ಕದ ತೋಟದ ಯಜಮಾನರು ಪ್ರೀತಿಯಿಂದ ಒಂದು ಹಿಡಿ ಡಿಎಪಿ ತಂದುಕೊಟ್ಟರು. ಅವರ ಗುಲಾಬಿಗೆ ಅದು ಸರಿ. ಡಿಎಪಿಯಲ್ಲಿ ರಂಜಕ ತುಂಬಾ ಜಾಸ್ತಿ. ಪ್ರೋಟಿಯಾ ಕುಟುಂಬದ ಬಹಳಷ್ಟು ಗಿಡಗಳಿಗೆ ಅದು ವಿಷ. ಕೇಪ್‌ನ ಮರಳುಗಲ್ಲಿನ ಮಣ್ಣಿನಲ್ಲಿ ರಂಜಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಿಕ್ಕ ಚೂರನ್ನೂ ಬಿಡಬಾರದು ಅಂತ ಈ ಗಿಡ ಕುಂಚದ ಹಾಗೆ ಒತ್ತೊತ್ತಾಗಿ ಬೇರು ಬಿಡುತ್ತದೆ. ಅಂಥ ಬೇರಿಗೆ ಡಿಎಪಿ ಸುರಿದರೆ ಎಲೆ ಸುಟ್ಟು ಸಾಯುತ್ತದೆ.

ನಮಗೆ ಈ ಕುಟುಂಬ ಹೊಸದೇನಲ್ಲ. ತೋಟದ ಬದುವಿನಲ್ಲಿ ಸಿಲ್ವರ್ ಓಕ್ ಇದೆಯಲ್ಲ, ಅದೂ ಪ್ರೋಟಿಯಾ ಕುಟುಂಬದ್ದೇ, ಆಸ್ಟ್ರೇಲಿಯಾದಿಂದ ಬಂದದ್ದು. ಓಕ್‌ಗೂ ಅದಕ್ಕೂ ಸಂಬಂಧವಿಲ್ಲ. ಯಾರೂ ಗೊಬ್ಬರ ಹಾಕದೆ ಕಲ್ಲು ನೆಲದಲ್ಲಿ ಹೇಗೆ ಎದ್ದು ನಿಲ್ಲುತ್ತದೆ ನೋಡಿ. ಬೇಸಿಗೆಯಲ್ಲಿ ಅದರ ಹೂವು ಬಿಟ್ಟಾಗ ಒಂದು ವಿಡಿಯೋ ಮಾಡುತ್ತೇನೆ, ನೆನಪಿಸಿ.

ಈ ಹೊಗೆ ಶಾಟ್ ಯಾಕೆ ಅಂದರೆ, ಅದು ಬೇರೆ ಟ್ರೇ, ಅದೇ ಸೀಮೆಯ ಸಿಂಕಾರ್ಫಾ ಅನ್ನುವ ಕಾಗದದಂಥ ಹೂವು. ಅದಕ್ಕೆ ಹೊಗೆ ಬೇಕು. ಹೊಗೆಯಿಂದಲೇ ಬೀಜ ಮೊಳೆಯುತ್ತದೆ ಅಂತ 1990ರಲ್ಲಿ ದಕ್ಷಿಣ ಆಫ್ರಿಕಾದ ಡಿ ಲಾಂಗ ಮತ್ತು ಬೌಚರ್ ತೋರಿಸಿದರು. 2004ರಲ್ಲಿ ಆಸ್ಟ್ರೇಲಿಯಾದವರು ಹೊಗೆಯಲ್ಲಿ ಕೆಲಸ ಮಾಡುವ ರಾಸಾಯನಿಕವನ್ನೂ ಗುರುತಿಸಿದರು. ಒಣ ಹುಲ್ಲು ಸುಟ್ಟರೂ ಅದು ಹುಟ್ಟುತ್ತದೆ. ನಾನು ಉರಿಸಿದ್ದು ರಾಗಿ ಹುಲ್ಲು. ಮೊದಲು ಇದೆಲ್ಲ ಸುಮ್ನೆ ವಿಡಿಯೋಗೆ ಚೆಂದ ಅಂತ ಮಾಡುತ್ತಾರೆ ಅಂದುಕೊಂಡಿದ್ದೆ. ಈಗ ಹಾಗನ್ನುವುದಿಲ್ಲ. ಹೊಗೆ ಹಾಕಿದ ಟ್ರೇಯಲ್ಲಿ ಹಸಿರು ಕಾಣುತ್ತಿದೆ, ಹಾಕದ ಟ್ರೇ ಖಾಲಿ.

ಪಿನ್‌ಕುಷನ್‌ಗೆ ಬರೋಣ. ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆದಕಿ ನೋಡಬೇಡಿ. ಇಗೋ, ಇದು ನೆನೆಸಿದ ಬೀಜ. ಮೊದಲು ಮಣ್ಣು ಚೂರು ಉಬ್ಬಿತು. ಆಮೇಲೆ ಬಾಗಿದ ಕತ್ತು, ಆಮೇಲೆ ಈ ಎರಡು ದಪ್ಪ ಬೀಜದೆಲೆ. ಮುಟ್ಟಿದರೆ ತಣ್ಣಗೆ, ಗಟ್ಟಿಯಾಗಿವೆ. ನೆನೆಸಿದ ಬೀಜಗಳಲ್ಲಿ ಮೂರು ಬಂದಿವೆ. ನೆನೆಸದ್ದು ಇನ್ನೂ ಒಂದೂ ಇಲ್ಲ. ಇಷ್ಟು ಕಡಿಮೆ ಬೀಜದಲ್ಲಿ ಗಟ್ಟಿಯಾಗಿ ಹೇಳೋಕೆ ಆಗಲ್ಲ, ಆದರೆ ಸದ್ಯಕ್ಕೆ ನನ್ನ ಓಟು ಪೆರಾಕ್ಸೈಡ್‌ಗೆ.

ನೀರು ಮಳೆಯದ್ದೇ ಆಗಬೇಕು. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೇ ಬಿಳಿ ಕಟ್ಟುತ್ತದೆ, ಈ ಗಿಡಕ್ಕೆ ಹುಳಿ ಮಣ್ಣು ಬೇಕು. ಅಕ್ಟೋಬರ್‌ನಲ್ಲಿ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರು ಇನ್ನೂ ಅರ್ಧ ಇದೆ. ಮುಂಗಾರು ಬರುವುದರೊಳಗೆ ಕುಂಡಗಳನ್ನು ಶೀಟಿನ ಕೆಳಗೆ ಸೇರಿಸಬೇಕು, ಸೆಕೆ ಇರುವಾಗ ಬೇರು ನೆಂದರೆ ಕೊಳೆಯುತ್ತದೆ. ಮಡಿಕೇರಿ, ಆಗುಂಬೆ ಕಡೆಯವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮಳೆಗೆ ಇದು ಉಳಿಯುವುದು ಕಷ್ಟ. ಕೋಲಾರ, ಪಾವಗಡ, ಬಾಗೇಪಲ್ಲಿಯವರು ಒಂದು ಕೈ ನೋಡಬಹುದು.

ಬಿಸಿಲು ಏರಿತು, ಸ್ಟೂಲಿನ ಒಂದು ಬಟ್ಟಲಿನ ನೀರು ಆರಿದೆ. ಗೊದ್ದ ಆಗಲೇ ಕಾಲು ಹತ್ತುತ್ತಿದೆ. ತಡೀರಿ, ನೀರು ತರುತ್ತೇನೆ.