ಪಾರ್ಥಿವ ಶರೀರ ಯಾರ ಸುಪರ್ದಿಗೆ?

ಕೇಳುಗರಿಗೆ ನಮಸ್ಕಾರ.

ಮನೆಯ ಹಿರಿಯರು ತೀರಿಕೊಂಡಾಗ ಹೊಲ, ಮನೆ, ಒಡವೆಗಳ ಮಾತನ್ನು ತಿಥಿ ಮುಗಿಯುವವರೆಗೆ ಯಾರೂ ಎತ್ತುವುದಿಲ್ಲ. ಆದರೆ ಅವರ ಶರೀರವನ್ನು ಹೂಳಬೇಕೋ, ಸುಡಬೇಕೋ, ವೈದ್ಯಕೀಯ ಕಾಲೇಜಿಗೆ ಒಪ್ಪಿಸಬೇಕೋ ಎಂಬುದು ಅಂದೇ ತೀರ್ಮಾನವಾಗಬೇಕಾದ ವಿಷಯ. ಅಲ್ಲಿ ಮಕ್ಕಳ ನಡುವೆ ಒಮ್ಮತವಿಲ್ಲದಿದ್ದರೆ ಕಾನೂನು ಯಾರ ಮಾತನ್ನು ಕೇಳುತ್ತದೆ?

ನೆರೆಯ ಕೇರಳದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಿರಿಯ ಕಮ್ಯುನಿಸ್ಟ್ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ನಿಧನರಾದರು. ತಮ್ಮ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕೆಂದು ತಂದೆಯೇ ಹೇಳಿದ್ದರು ಎಂಬುದು ಮಗನ ನಿಲುವು. ಕ್ರೈಸ್ತ ವಿಧಿಯಂತೆ ಮಣ್ಣು ಮಾಡಬೇಕೆಂಬುದು ಮಗಳ ಹಟ. ಅದನ್ನು ಹಟ ಎಂದೆನಾದರೂ, ತಂದೆಯನ್ನು ತನ್ನ ನಂಬಿಕೆಯಂತೆ ಬೀಳ್ಕೊಡಲು ಬಯಸುವ ಮಗಳ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ.

ನ್ಯಾಯಾಲಯ ತೂಗಿ ನೋಡಿದ್ದು ಮಗನ ಹಕ್ಕನ್ನೂ ಅಲ್ಲ, ಮಗಳ ಹಕ್ಕನ್ನೂ ಅಲ್ಲ, ತೀರಿಕೊಂಡವರ ಇಚ್ಛೆಯನ್ನು. 1957ರ ಕೇರಳ ಅಂಗರಚನಾ ಕಾಯ್ದೆಯ ಪ್ರಕಾರ ಒಬ್ಬ ವ್ಯಕ್ತಿ ಬರವಣಿಗೆಯಲ್ಲಿ ಯಾವಾಗ ಬೇಕಾದರೂ, ಬಾಯಿಮಾತಿನಲ್ಲಾದರೆ ಕೊನೆಯ ಕಾಯಿಲೆಯ ವೇಳೆ ಇಬ್ಬರು ಸಾಕ್ಷಿಗಳ ಎದುರು, ದೇಹದಾನದ ಬಯಕೆಯನ್ನು ತಿಳಿಸಬಹುದು. ಲಾರೆನ್ಸ್ ಅವರ ವಿಷಯದಲ್ಲಿ ಇದ್ದದ್ದು ಬಾಯಿಮಾತು ಮಾತ್ರ. ಆ ಮಾತನ್ನು ಕೇಳಿದ್ದೆವೆಂದು ಸಾಕ್ಷಿಗಳು ಹೇಳಿದರು. ಅಕ್ಟೋಬರಿನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ, ಡಿಸೆಂಬರಿನಲ್ಲಿ ವಿಭಾಗೀಯ ಪೀಠ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಹೀಗೆ ಮೂರೂ ಕಡೆ ಮಗಳ ಕೋರಿಕೆ ತಿರಸ್ಕೃತವಾಯಿತು. ಅಷ್ಟು ತಿಂಗಳೂ ಆ ಶರೀರ ವೈದ್ಯಕೀಯ ಕಾಲೇಜಿನಲ್ಲಿ ಕಾಯುತ್ತಲೇ ಇತ್ತು.

ಇಷ್ಟೊಂದು ತೊಡಕಿಗೆ ಕಾರಣವಿದೆ. ಶವ ಯಾರ ಸ್ವತ್ತೂ ಅಲ್ಲ, ಆದ್ದರಿಂದ ಅದನ್ನು ಉಯಿಲಿನ ಮೂಲಕ ಯಾರಿಗೂ ಬರೆದುಕೊಡಲಾಗದು ಎಂದು ಇಂಗ್ಲೆಂಡಿನ ನ್ಯಾಯಾಲಯವೊಂದು 1882ರಲ್ಲೇ ಹೇಳಿತ್ತು. ನಮ್ಮಲ್ಲಿ ಆಸ್ತಿಗೆ ವಾರಸುದಾರರು ಯಾರೆಂದು ಹೇಳುವ ಕಾಯ್ದೆಗಳಿವೆ; ಆದರೆ ಹೆಂಡತಿ, ಮಗ, ಮಗಳು, ಒಡಹುಟ್ಟಿದವರು ಇವರಲ್ಲಿ ಅಂತ್ಯಕ್ರಿಯೆಯನ್ನು ನಿರ್ಧರಿಸುವ ಮೊದಲ ಅಧಿಕಾರ ಯಾರದೆಂದು ಸಾಲಾಗಿ ಹೇಳುವ ಒಂದು ಸಮಗ್ರ ಕಾಯ್ದೆ ಇಲ್ಲ. ಅಂಗಾಂಗ ದಾನಕ್ಕೆ ಮಾತ್ರ 1994ರ ಕಾಯ್ದೆಯಲ್ಲಿ ಸ್ಪಷ್ಟ ದಾರಿಯಿದೆ: ಬದುಕಿರುವಾಗಲೇ ಸಾಕ್ಷಿಗಳ ಮುಂದೆ ಬರೆದುಕೊಟ್ಟ ಒಪ್ಪಿಗೆಯಿದ್ದರೆ, ಅವರು ಅದನ್ನು ಹಿಂತೆಗೆದುಕೊಂಡಿರಲಿಲ್ಲವಾದರೆ, ಶರೀರವನ್ನು ಕಾನೂನುಬದ್ಧವಾಗಿ ವಶದಲ್ಲಿಟ್ಟುಕೊಂಡವರು ಅದಕ್ಕೆ ಅಡ್ಡಿ ಮಾಡುವಂತಿಲ್ಲ. ಅಂಥ ಬರಹವೇ ಇಲ್ಲದಿದ್ದಾಗ ಹತ್ತಿರದ ಬಂಧುವೊಬ್ಬರ ಆಕ್ಷೇಪವೂ ದಾನವನ್ನು ತಡೆಯಬಲ್ಲದು.

ದೇಹದಾನದ ಅರ್ಜಿಯನ್ನು ತುಂಬಿ ಬೀರುವಿನಲ್ಲಿಟ್ಟು, ಮಕ್ಕಳಿಗೆ ಒಂದು ಮಾತೂ ಹೇಳದೆ ಉಳಿಯುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ. ಸಾವಿನ ಮಾತನ್ನು ಆಡುವುದು ಅಪಶಕುನವೆಂಬ ಅಳುಕು ನನಗೆ ಅರ್ಥವಾಗುತ್ತದೆ. ಆದರೂ ಒಂದು ಹಬ್ಬದ ದಿನ ಎಲ್ಲ ಮಕ್ಕಳೂ, ವಿಶೇಷವಾಗಿ ಒಪ್ಪಲಾರದ ಮಗ ಅಥವಾ ಮಗಳು, ಎದುರಿಗಿರುವಾಗಲೇ ಆ ಕಾಗದವನ್ನು ಹೊರತೆಗೆದು ಓದಿ ಹೇಳಿ, ಅವರಲ್ಲೇ ಇಬ್ಬರಿಂದ ಸಾಕ್ಷಿಯ ಸಹಿ ಹಾಕಿಸಿಕೊಳ್ಳಿ ಎಂದು ಕೇಳುಗರಾದ ತಮ್ಮಲ್ಲಿ ಬೇಡಿಕೊಳ್ಳುತ್ತೇನೆ. ನಮಸ್ಕಾರ.