ನಟ್‌ಕ್ರ್ಯಾಕರ್ ಊರಿದ ಬೀಜ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ರಾಕಿ ಪರ್ವತಗಳಲ್ಲಿ, ಇದಕ್ಕಿಂತ ಮೇಲೆ ಮರವೇ ಏಳದು ಎನ್ನುವ ಎತ್ತರದಲ್ಲಿ, ವೈಟ್‌ಬಾರ್ಕ್ ಪೈನ್ ಬೆಳೆಯುತ್ತದೆ. ಅದರ ಕಾಯಿ ಬಲಿತರೂ ತಾನಾಗಿ ಬಿರಿಯದು. ಬೀಜಕ್ಕೆ ಗಾಳಿಯಲ್ಲಿ ತೇಲುವ ರೆಕ್ಕೆಯೂ ಇಲ್ಲ. ಬಿಡಿಸಿ, ಹೊತ್ತು, ನೆಲಕ್ಕೆ ಊರುವವರು ಬೇಕು. ಆ ಕೆಲಸ ಹೆಚ್ಚುಕಡಿಮೆ ಪೂರ್ತಿ ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಹಕ್ಕಿಯದು. 1805ರಲ್ಲಿ ಇದನ್ನು ಕಂಡು ಬರೆದಿಟ್ಟ ಅನ್ವೇಷಕ ವಿಲಿಯಂ ಕ್ಲಾರ್ಕ್ ಹೆಸರು ಇದಕ್ಕೆ ಬಂತು. ಬೂದು ಮೈ, ಕಪ್ಪು ರೆಕ್ಕೆ, ಉಳಿಯಂಥ ಕೊಕ್ಕು; ನಮ್ಮ ಕಾಗೆ, ಮಟಪಕ್ಷಿಗಳ ಬಳಗವೇ.

ಕಾಯಿಯ ಚಿಪ್ಪನ್ನು ಕುಕ್ಕಿ ಕಿತ್ತು ಬೀಜ ಎಳೆದ ಮೇಲೆ ಅದು ಸುಮ್ಮನೆ ನುಂಗುವುದಿಲ್ಲ. ಕೊಕ್ಕಿನಲ್ಲೇ ಕಟಕಟ ಆಡಿಸಿ ನೋಡುತ್ತದೆ. ಜೊಳ್ಳಾದರೆ ಕೆಳಕ್ಕೆ, ಗಟ್ಟಿಯಾದರೆ ನಾಲಗೆಯಡಿಯ ಚೀಲಕ್ಕೆ. ಆ ಚೀಲದಲ್ಲಿ ನೂರರಷ್ಟು ಬೀಜ ಹಿಡಿಯುತ್ತದೆ. ತುಂಬಿದಾಗ ಗಂಟಲು ಗಡ್ಡೆಯಂತೆ ಉಬ್ಬಿರುತ್ತದೆ. ಆಮೇಲೆ ಹಿಮ ಬೇಗ ಕರಗುವ ಇಳಿಜಾರಿಗೆ ಹಾರಿ, ಮಣ್ಣಿಗೆ ಕೊಕ್ಕು ಚುಚ್ಚಿ, ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ನಾಲ್ಕಾರು ಬೀಜ ಇಳಿಸಿ, ಮಣ್ಣೆಳೆದು ಮುಚ್ಚುತ್ತದೆ. ಒಂದು ಒಳ್ಳೆಯ ವರ್ಷದಲ್ಲಿ ಹೀಗೆ ಹತ್ತಾರು ಸಾವಿರ ಬೀಜ!

ತಿಂಗಳುಗಳಾದ ಮೇಲೂ ಹುಡುಕುವುದು ನೆನಪಿನಿಂದ, ಸುತ್ತಲಿನ ಕಲ್ಲು, ದಿಮ್ಮಿಗಳ ಗುರುತಿನಿಂದ. ಪ್ರಯೋಗವೊಂದರಲ್ಲಿ ಆ ಗುರುತುಗಳನ್ನು 20 ಸೆಂಟಿಮೀಟರ್ ಸರಿಸಿದರು. ಹಕ್ಕಿಯೂ ಅಷ್ಟೇ ದೂರ ತಪ್ಪಿ ಕುಕ್ಕಿತು. ಹಿಮ ಇನ್ನೂ ಕರಗದಿರುವಾಗಲೇ ಗೂಡು ಕಟ್ಟಿ, ಮರಿಗಳನ್ನು ಈ ದಾಸ್ತಾನಿನಿಂದಲೇ ಸಾಕುತ್ತದೆ. ಕಾಗೆಯ ಬಳಗದಲ್ಲಿ ಅಪರೂಪವೆಂಬಂತೆ ಗಂಡೂ ಕಾವಿಗೆ ಕೂರುತ್ತದೆ. ಹೆಣ್ಣು ತಾನು ಹೂತದ್ದನ್ನು ತಾನೇ ಹೋಗಿ ತೆಗೆಯಬೇಕಲ್ಲ! ತೆಗೆಯದೆ ಉಳಿದದ್ದು ಮೊಳೆಯುತ್ತದೆ. ಒಂದೇ ಬುಡದಲ್ಲಿ ಮೂರು ನಾಲ್ಕು ಕಾಂಡ ಒತ್ತಾಗಿ ನಿಂತಿದ್ದರೆ, ಹಲವು ಸಲ ಅದು ಈ ಹಕ್ಕಿ ಒಂದೇ ಗುಳಿಯಲ್ಲಿ ಊರಿದ ಬೀಜಗಳ ಗುಂಪು.

ಈಗ ಈ ಮರಕ್ಕೇ ಕುತ್ತು ಬಂದಿದೆ. ಹೊರಗಿನಿಂದ ಬಂದ ಬ್ಲಿಸ್ಟರ್ ರಸ್ಟ್ ಎಂಬ ಶಿಲೀಂಧ್ರ, ತೊಗಟೆ ಕೊರೆಯುವ ದುಂಬಿ, ಏರುತ್ತಿರುವ ತಾಪಮಾನ. 2022ರಲ್ಲಿ ಅಮೆರಿಕ ಈ ಮರವನ್ನು ಅಪಾಯದ ಪಟ್ಟಿಗೆ ಸೇರಿಸಿತು. ರಸ್ಟ್ ತಗುಲಿದರೆ ಕಾಯಿ ಬಿಡುವ ತುದಿಕೊಂಬೆಗಳು ಮರಕ್ಕಿಂತ ಮೊದಲೇ ಒಣಗುವುದುಂಟು. ಕಾಯಿ ಕಡಿಮೆಯಾದರೆ ಹಕ್ಕಿ ಬೇರೆ ಬೆಟ್ಟಕ್ಕೆ ಹೋಗಿಬಿಡುತ್ತದೆ, ಉಳಿದ ಮರಗಳ ಬೀಜ ಬಿತ್ತುವವರಿಲ್ಲ.

ಹಾಗಾಗಿ ರೋಗ ತಾಳಿಕೊಂಡ ಮರಗಳನ್ನು ಹುಡುಕಿ, ಅವುಗಳ ಬೀಜದಿಂದ ಸಸಿ ಮಾಡುತ್ತಿದ್ದಾರೆ. ಕಷ್ಟವಿರುವುದು ಇಲ್ಲೇ: ಬೀಜ ಪೂರ್ತಿ ಬಲಿಯುವ ಮುನ್ನವೇ ನಟ್‌ಕ್ರ್ಯಾಕರ್ ಕಾಯಿಗೆ ಕೈಹಾಕುತ್ತದೆ. ಬೇಸಿಗೆಯ ಆರಂಭದಲ್ಲೇ ಮರವೇರಿ, ಕಾಯಿಗೊಂಚಲಿಗೆ ತಂತಿಬಲೆಯ ಚೀಲ ತೊಡಿಸಿ, ಶರತ್ಕಾಲದಲ್ಲಿ ಮತ್ತೆ ಏರಿ ಬಿಚ್ಚುತ್ತಾರೆ. ಬಲೆ ಕಟ್ಟಲು ತಡವಾದರೆ ಆ ಮರದಿಂದ ಆ ವರ್ಷ ಸಿಗುವುದು ಬರಿಯ ಚಿಪ್ಪು.